ಎಂಜಿನ್ ಆಯಿಲ್ ಅಡಿಟಿವ್ ಪ್ರಯೋಗ: ಎರಡನೇ ಸುತ್ತಿನ ರಿಪೋರ್ಟ್ ಬಂತು

ಅಡಿಟಿವ್ (ಆಯಿಲ್‌ನ ಗುಣ ಸುಧಾರಿಸಲೆಂದು ಅದಕ್ಕೆ ಬೆರೆಸುವ ವಸ್ತು) ಹಾಕಿ ಓಡಿಸಿದ ಆಯಿಲ್‌ನ ಲ್ಯಾಬ್ ರಿಪೋರ್ಟ್ ಕೈಗೆ ಬಂದಿದೆ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಕಾರು ಒಂದೇ. ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್. ಮೊದಲ ಸುತ್ತಿನಲ್ಲಿ ಮ್ಯಾನ್ಯುಯಲ್ ಹೇಳಿದ 5ಡಬ್ಲ್ಯು-30 ಆಯಿಲ್ ಮಾತ್ರ. ಎರಡನೇ ಸುತ್ತಿನಲ್ಲಿ ಅದೇ ಆಯಿಲ್, ಜೊತೆಗೆ ಉಜ್ಜಾಟ ಕಡಿಮೆ ಮಾಡಲೆಂದು ಮಾರುವ, ಆಯಿಲ್‌ನಲ್ಲಿ ಕರಗುವ ಮಾಲಿಬ್ಡಿನಂ ಅಡಿಟಿವ್ ಒಂದು ಬಾಟಲಿ. ಓಡಿದ ದೂರ ಹೆಚ್ಚುಕಮ್ಮಿ ಅಷ್ಟೇ, ರಸ್ತೆಗಳೂ ಅವೇ.

ಸ್ಯಾಂಪಲ್ ಹಿಡಿದದ್ದು ಎರಡು ಸಲವೂ ಒಂದೇ ರೀತಿ. ಎಂಜಿನ್ ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ, ಮೊದಲು ಬರುವ ಆಯಿಲ್ ಬಿಟ್ಟುಬಿಟ್ಟೆ. ಸಂಪ್‌ನ (ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯ) ತಳದ ಕೊಳೆಯೆಲ್ಲ ಅದರಲ್ಲೇ ಬರುತ್ತದೆ. ಧಾರೆ ಸಮನಾದ ಮೇಲೆ ಬಾಟಲಿ ಒಡ್ಡಿ, ತೊಟ್ಟಿಕ್ಕಲು ಶುರುವಾಗುವ ಮೊದಲೇ ತೆಗೆದೆ. ಇಲ್ಲಿ ಅಜಾಗರೂಕತೆ ಆದರೆ ಮುಂದಿನ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ಈಗ ರಿಪೋರ್ಟ್. ಎಂಜಿನ್ ಸವೆತ ತೋರಿಸುವ ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಅಂಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಧೂಳಿನ ಗುರುತಾದ ಸಿಲಿಕಾನ್ ಕೂಡ ಹಾಗೇ ಇದೆ. 100 ಡಿಗ್ರಿಯಲ್ಲಿ ಅಳೆದ ಆಯಿಲ್‌ನ ಮಂದತೆ (ವಿಸ್ಕಾಸಿಟಿ) 30 ಗ್ರೇಡ್‌ಗೆ ಇರಬೇಕಾದ 9.3ರಿಂದ 12.5 ಸೆಂಟಿಸ್ಟೋಕ್ ಒಳಗೇ ಇದೆ. ಜಿಗಿದದ್ದು ಮಾಲಿಬ್ಡಿನಂ ಒಂದೇ. ಅದು ಜಿಗಿಯಲೇಬೇಕು, ನಾನೇ ಸುರಿದದ್ದು ಅಲ್ವಾ? ಆದರೆ ನನಗೆ ಜಾಸ್ತಿ ಹಿಡಿಸಿದ ವಿಷಯ ಬೇರೆ. ಬಾಟಲಿ ಹಾಕದ ಮೊದಲ ಸುತ್ತಿನಲ್ಲೂ ಮಾಲಿಬ್ಡಿನಂ ಇತ್ತು. ಅಂದರೆ ಆಯಿಲ್ ಕಂಪನಿ ಅದನ್ನು ಮೊದಲೇ ಬೆರೆಸಿ ಕೊಟ್ಟಿದೆ.

ಒಂದು ಕಾರಿನ ಎರಡು ರಿಪೋರ್ಟ್ ಇಟ್ಟುಕೊಂಡು ದೊಡ್ಡ ತೀರ್ಪು ಕೊಡಲು ಆಗುವುದಿಲ್ಲ. ಲ್ಯಾಬ್‌ನ ಯಂತ್ರಕ್ಕೆ ಕಾಣುವುದು ಕೆಲವೇ ಮೈಕ್ರಾನ್ ಗಾತ್ರದ ಕಣಗಳು, ಅದಕ್ಕಿಂತ ದೊಡ್ಡ ಚೂರುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಈ ಫಲಿತಾಂಶ ನನಗೆ ಆಶ್ಚರ್ಯ ತರಲಿಲ್ಲ. ಕಾರಣ ಆಯಿಲ್ ಒಳಗೇ ಇದೆ.

ನಾವು ಕೊಳ್ಳುವ ಆಯಿಲ್‌ನಲ್ಲಿ ಸುಮಾರು ಶೇ. 10ರಿಂದ 25ರಷ್ಟು ಅಡಿಟಿವ್‌ಗಳೇ ಇರುತ್ತವೆ. ಕೊಳೆ ತೊಳೆಯಲು ಒಂದು, ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತೇಲಿಸಿಡಲು ಇನ್ನೊಂದು, ನೊರೆ ತಡೆಯಲು ಮತ್ತೊಂದು. ಎಂಜಿನ್ ಓಡುವಾಗ ಬೇರಿಂಗ್‌ಗಳು ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತವೆ, ಲೋಹಕ್ಕೆ ಲೋಹ ತಾಗುವುದೇ ಅಪರೂಪ. ಕ್ಯಾಮ್, ಪಿಸ್ಟನ್ ರಿಂಗ್, ಟೈಮಿಂಗ್ ಚೈನ್ ಹತ್ತಿರ ಮಾತ್ರ ಪದರ ತೆಳ್ಳಗಾಗುತ್ತದೆ. ಅಲ್ಲಿಗೆಂದೇ ಝಡ್‌ಡಿಡಿಪಿ ಎಂಬ ಸತು ಮತ್ತು ರಂಜಕದ ಸಂಯುಕ್ತ ಇದೆ. ಉಜ್ಜಾಟದ ಬಿಸಿಗೆ ಅದು ಲೋಹದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ.

ಹಾಗಾದರೆ ಅದನ್ನೇ ಇನ್ನಷ್ಟು ಸುರಿದರೆ ಒಳ್ಳೆಯದಲ್ವಾ? ಅಲ್ಲ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೊಡುವ ಎಸ್‌ಪಿ ದರ್ಜೆಯ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ 600ರಿಂದ 800 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಒಳಗೇ ಇರಬೇಕು ಅಂತ ಮಿತಿ ಇದೆ. ರಂಜಕ ಜಾಸ್ತಿಯಾದರೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕ್ರಮೇಣ ಕೆಲಸ ನಿಲ್ಲಿಸುತ್ತದೆ. ಕ್ಯಾಲ್ಸಿಯಂ ಕಥೆಯೂ ಇಂಥದ್ದೇ. ನನ್ನ ಕಾರಿನಂಥ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಎಳೆಯುವಾಗ ಸ್ಪಾರ್ಕ್‌ಗೂ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆ ಇದೆ. ಪಿಸ್ಟನ್ ಒಡೆಯುವಷ್ಟು ಜೋರಾಗಿ ಬಡಿಯಬಹುದು. ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿರುವ ಆಯಿಲ್ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಅದಕ್ಕಾಗಿಯೇ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ಬಂದವು. ಆಯಿಲ್ ತಯಾರಕರು ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಸೇರಿಸಿದರು. ಏನಿದೆ ಅಂತ ಪೂರ್ತಿ ಬರೆಯದ ಬಾಟಲಿಯೊಂದನ್ನು ಇದರ ಮೇಲೆ ಸುರಿದರೆ ಆ ಲೆಕ್ಕವೆಲ್ಲ ಏರುಪೇರು. ಎಸ್‌ಪಿ ಪರೀಕ್ಷೆ ಪಾಸಾದದ್ದು ಡಬ್ಬಿಯಲ್ಲಿರುವ ಆಯಿಲ್, ನಾವು ಬೆರೆಸಿದ ಮಿಶ್ರಣ ಅಲ್ಲ. ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ಕಾರಣ.

ಈ ನಡುವೆ ಎಂಜಿನ್‌ಗೆ ಹಾಕದೆ ಎರಡು ಚಿಕ್ಕ ಪರೀಕ್ಷೆ ಮಾಡಿದೆ. ಕಪ್ಪು ಪುಡಿ ತೇಲುವ ಮಾಲಿಬ್ಡಿನಂ ಡೈಸಲ್ಫೈಡ್ ಅಡಿಟಿವ್ ಅನ್ನು ಹೊಸ ಆಯಿಲ್ ಜೊತೆ ಗಾಜಿನ ಜಾಡಿಯಲ್ಲಿ ಕಲಸಿ, ಅಲುಗಿಸದೆ ಇಟ್ಟೆ. ಕೆಲವು ವಾರಗಳಲ್ಲಿ ತಳದಲ್ಲಿ ಕಪ್ಪು ಪದರ ಕೂತಿತು, ಮೇಲಿನ ಆಯಿಲ್ ತಿಳಿಯಾಯಿತು. ಓಡದೆ ನಿಂತ ಕಾರಿನ ಸಂಪ್‌ನಲ್ಲೂ ಹೀಗೇ ಆಗಬಹುದು ಅನ್ನುವುದು ನನ್ನ ಅಂದಾಜು. ಇನ್ನೊಂದು, ಆಯಿಲ್ ಕುಡಿಯುವ ಎಂಜಿನ್‌ಗೆಂದು ಮಾರುವ ಅಂಟಂಟು ದ್ರವ. ಅದನ್ನು ಬೆರೆಸಿದ ಆಯಿಲ್ ಮತ್ತು ಬರೀ ಆಯಿಲ್ ಎರಡನ್ನೂ ಫ್ರೀಜರ್‌ನಲ್ಲಿಟ್ಟು ಮರುದಿನ ಒಟ್ಟಿಗೆ ಬಗ್ಗಿಸಿದೆ. ಬರೀ ಆಯಿಲ್ ಜಾರಿ ಬಾಯಿಗೆ ಬಂದಾಗ ಬೆರೆಸಿದ್ದು ಇನ್ನೂ ಅರ್ಧ ದಾರಿಯಲ್ಲೇ ಇತ್ತು. 5ಡಬ್ಲ್ಯು ಆಯಿಲ್ ತೆಗೆದುಕೊಳ್ಳುವುದೇ ತಣ್ಣಗಿರುವಾಗ ಬೇಗ ಹರಿಯಲಿ ಅಂತ. ಆ ಗುಣವೇ ಹೋದರೆ ಏನು ಲಾಭ?

ಅಂಗಡಿಗಳಲ್ಲಿ ತೋರಿಸುವ ತಿರುಗುವ ಚಕ್ರದ ಡೆಮೊ ಬಗ್ಗೆ ಹಲವರು ಕೇಳಿದ್ದೀರಿ. ದ್ರವದಲ್ಲಿ ನೆನೆದ ಆ ಚಕ್ರದ ಮೇಲೆ ಲೋಹವನ್ನು ಒತ್ತಿ ಹಿಡಿದಾಗ ಕ್ಲೋರಿನ್ ಇರುವ ದ್ರವ ಸುಲಭವಾಗಿ ಗೆಲ್ಲುತ್ತದೆ. ಬೇರಿಂಗ್‌ಗೆ ಅಂಥ ಒತ್ತಡ ಬರುವುದೇ ಇಲ್ಲ. ಅದೇ ಕ್ಲೋರಿನ್ ಬಿಸಿ ಮತ್ತು ನೀರಿನ ಅಂಶ ಸೇರಿದರೆ ಆಮ್ಲವಾಗಿ ಬೇರಿಂಗ್ ಲೋಹವನ್ನು ತಿನ್ನಬಲ್ಲದು. ಇಂಥ ಪ್ರಚಾರದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ತೆಗೆದುಕೊಂಡದ್ದೂ ಇದೆ. ಸ್ಲಿಕ್ 50 ಎಂಬ ಅಡಿಟಿವ್‌ನ ಜಾಹೀರಾತಿನ ಪ್ರಕರಣ 1997ರಲ್ಲಿ ರಾಜಿಯಲ್ಲಿ ಮುಗಿಯಿತು.

ಹಾಗಂತ ಎಲ್ಲ ಬಾಟಲಿಯೂ ದಂಡ ಅನ್ನುತ್ತಿಲ್ಲ. ಹಳೇ ಎಂಜಿನ್‌ನ ರಬ್ಬರ್ ಸೀಲ್ ಗಟ್ಟಿಯಾಗಿ ಸ್ವಲ್ಪ ಸ್ವಲ್ಪವೇ ಒಸರುತ್ತಿದ್ದರೆ, ಸೀಲ್ ಮೆತ್ತಗೆ ಮಾಡುವ ಅಡಿಟಿವ್ ಕೆಲಕಾಲ ಸುಧಾರಿಸಬಹುದು. ಹಳೇ ಮಾದರಿಯ ಚಪ್ಪಟೆ ಟ್ಯಾಪೆಟ್ (ಕ್ಯಾಮ್ ನೇರವಾಗಿ ಉಜ್ಜುವ ಭಾಗ) ಇರುವ ಎಂಜಿನ್‌ಗೆ ಸತು ಜಾಸ್ತಿ ಬೇಕು ಅನ್ನುವುದೂ ನಿಜ, ಆದರೆ ಅದಕ್ಕೆ ತಕ್ಕ ಆಯಿಲ್ಲೇ ಸಿಗುತ್ತದೆ. ಫ್ಲಶ್ (ಎಂಜಿನ್ ಒಳಗಿನ ಕೊಳೆ ತೊಳೆಯುವ ದ್ರವ) ಬಗ್ಗೆ ಮಾತ್ರ ಎಚ್ಚರ: ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುವ ಎಂಜಿನ್ ಆದರೆ ಮ್ಯಾನ್ಯುಯಲ್ ಒಪ್ಪದ ದ್ರವ ಹಾಕಲೇಬೇಡಿ. ಬೆಲ್ಟ್ ಉಬ್ಬಿ ಚೂರಾದರೆ ಪಂಪ್‌ನ ಜಾಲರಿ ಕಟ್ಟಿಕೊಳ್ಳುತ್ತದೆ.

ಎಂಜಿನ್ ಸದ್ದು ಸ್ಮೂತ್ ಆಯಿತಾ ಅಂತ ಕೇಳಿದವರಿಗೆ: ಆಯಿತು. ಮೊದಲ ಸುತ್ತಿನಲ್ಲಿ ಬರೀ ಹೊಸ ಆಯಿಲ್ ಹಾಕಿದಾಗಲೂ ಅಷ್ಟೇ ಆಗಿತ್ತು.

ಮೂರನೇ ಸುತ್ತು ಶುರುವಾಗಿದೆ. ಅದೇ ಆಯಿಲ್, ಅಡಿಟಿವ್ ಇಲ್ಲ, ಬದಲಾಯಿಸುವ ದೂರ ಮಾತ್ರ ಕಡಿಮೆ ಮಾಡಿದ್ದೇನೆ. ಚಿಕ್ಕ ಓಡಾಟದಲ್ಲಿ ಆಯಿಲ್‌ಗೆ ಪೆಟ್ರೋಲ್ ಎಷ್ಟು ಸೇರುತ್ತದೆ ಅನ್ನುವುದನ್ನು ಈ ಸಲ ಲ್ಯಾಬ್‌ನಲ್ಲಿ ಬೇರೆಯಾಗಿಯೇ ನೋಡಿಸುತ್ತೇನೆ. ನೀವೂ ಮಾಡುವುದಾದರೆ ಮೊದಲು ಬಾಟಲಿ ಹಾಕದೆ ಒಂದು ರಿಪೋರ್ಟ್ ತೆಗೆಸಿಟ್ಟುಕೊಳ್ಳಿ. ಹೋಲಿಸಲು ಅದೇ ಬೇಕಾಗುವುದು.