ಬೋರ್ಡಿನ ಮೇಲಿನ ನಂಬರ್

2025ರ ಜುಲೈ ತಿಂಗಳು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಷ್’ ಎಂಬ ಚೀಟಿಗಳು ಅಂಟಿದ್ದ ದಿನಗಳು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು 2019ರಿಂದ ಇದ್ದ ನಿಯಮವೇ. ಆದರೂ ಟೀವಿ ಹಾಕಿದರೆ ಅದೇ ಸುದ್ದಿ, ಟೀ ಕುಡಿಯಲು ನಿಂತರೆ ಅದೇ ಮಾತು. ತುಮಕೂರಿನ ನಮ್ಮ ಸ್ಟೀಲ್ ಪಾತ್ರೆ ಅಂಗಡಿ 2017ರಲ್ಲೇ ಜಿಎಸ್‌ಟಿಗೆ ಸೇರಿದ್ದು, ಒಂದು ತಿಂಗಳೂ ರಿಟರ್ನ್ ತಪ್ಪಿಸಿದ್ದಿಲ್ಲ. ಅಪ್ಪನಿಗೆ ಮಾತ್ರ ಆ ವಾರವೆಲ್ಲ ನಿದ್ದೆ ಸರಿಯಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತಗೊಂಡು ನಾನು ಅಂಗಡಿಗೆ ಹೋದಾಗ ಅಪ್ಪ ಗಲ್ಲಾಪೆಟ್ಟಿಗೆ ಮುಂದೆ ಬೆವರುತ್ತ ಕೂತಿದ್ದರು. “ನೋಟಿಸ್ ಬಂದಿತ್ತಮ್ಮ. ಸಂಜೆಯೊಳಗೆ ಕಟ್ಟದಿದ್ರೆ ಅಕೌಂಟ್ ಫ್ರೀಜ್ ಅಂತೆ. ಅರ್ಧ ಕಟ್ಟಿಬಿಟ್ಟೆ” ಅಂದರು.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್. ಮೇಲೆ ಸಿಂಹಲಾಂಛನ, ‘ಸಮನ್ಸ್’ ಎಂಬ ದಪ್ಪಕ್ಷರ, ಒಂದು ಉದ್ದನೆಯ ಡಿನ್ ನಂಬರ್ (ಇಲಾಖೆಯ ಪತ್ರಕ್ಕೆ ಕೊಡುವ ಗುರುತಿನ ಸಂಖ್ಯೆ), ಕೆಳಗೆ ಸಹಿ, ಸೀಲು. ಕೊನೆಯಲ್ಲೊಂದು ಲಿಂಕ್. ಒತ್ತಿದರೆ ತೆರೆದ ಪುಟ ನಾನು ಪ್ರತಿ ತಿಂಗಳು ರಿಟರ್ನ್ ಹಾಕುವ ಪೋರ್ಟಲಿನ ಪಡಿಯಚ್ಚು: ಅದೇ ನೀಲಿ ಪಟ್ಟಿ, ಅದೇ ಲಾಗಿನ್ ಚೌಕ. ಅಪ್ಪ ಯೂಸರ್ ಐಡಿ, ಪಾಸ್‌ವರ್ಡ್ ಹಾಕಿದ್ದರು. ಮುಂದಿನ ಪುಟದಲ್ಲಿ ಬಂದ ಕ್ಯೂಆರ್ ಕೋಡಿಗೆ 9,800 ರೂಪಾಯಿ ಕಳಿಸಿದ್ದರು. ಉಳಿದರ್ಧಕ್ಕೆ ನನ್ನನ್ನು ಕಾಯುತ್ತಿದ್ದರು, ಅವರ ಖಾತೆಯಲ್ಲಿ ಅಷ್ಟೇ ಇದ್ದದ್ದು.

ನಾನು ಮೇಲಿನ ವಿಳಾಸ ನೋಡಿದೆ. ‘ಗವ್’ ಇತ್ತು, ‘ಇನ್’ ಇತ್ತು, ನಡುವೆ ಅಡ್ಡಗೆರೆಗಳಿದ್ದವು. ಆದರೆ ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ‘ಡಾಟ್ ಕಾಮ್’. ಅಸಲಿ ಪೋರ್ಟಲ್ ‘ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್’ಗೇ ಮುಗಿಯುತ್ತದೆ. ಆ ‘ಗವ್ ಡಾಟ್ ಇನ್’ ಎಂಬ ಬಾಲ ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ದುಡ್ಡು ಹೋದದ್ದು ಯಾವನೋ ಒಬ್ಬನ ಹೆಸರಿನ ಖಾತೆಗೆ. ಜಿಎಸ್‌ಟಿ ಕಟ್ಟಬೇಕೆಂದರೆ ಪೋರ್ಟಲಿನಲ್ಲಿ ಚಲನ್ ಮಾಡಬೇಕು, ಅದಕ್ಕೆ ಸಿಪಿನ್ ಎಂಬ 14 ಅಂಕಿಯ ಚಲನ್ ನಂಬರ್ ಬರಬೇಕು. ಇಲ್ಲಿ ಚಲನ್ನೇ ಇರಲಿಲ್ಲ.

ಊಟ ಅಲ್ಲೇ ಆರಿತು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆ ಕಡೆಯವರು ಹಣ ಕಳಿಸಿದ್ದರ ಯುಟಿಆರ್ ನಂಬರ್, ಹೋದ ಸಮಯ, ಮೊತ್ತ ಕೇಳಿ ದೂರಿನ ನಂಬರ್ ಕೊಟ್ಟರು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆ ಹಾಕಿಸುವುದಕ್ಕಾಗಿ ಇರುವ ನಂಬರ್ ಅದು, ಹಾಗಾಗಿ ಬ್ಯಾಂಕಿಗೆ ಓಡುವ ಮುಂಚೆಯೇ ಅದಕ್ಕೆ ಮಾಡಿದೆ. ಆಮೇಲೆ ಅಸಲಿ ಪೋರ್ಟಲಿಗೆ ಹೋಗಿ ಪಾಸ್‌ವರ್ಡ್ ಬದಲಿಸಿದೆ. ನನಗೆ 9,800ಕ್ಕಿಂತ ಇದರದ್ದೇ ದಿಗಿಲು. ಆ ಲಾಗಿನ್ ಕೈಗೆ ಸಿಕ್ಕರೆ ನಾವು ಯಾರಿಂದ ಮಾಲು ತರುತ್ತೇವೆ, ಯಾರಿಗೆ ಎಷ್ಟು ಮಾರುತ್ತೇವೆ, ಎಲ್ಲಾ ಬಯಲು. ಪುಣ್ಯಕ್ಕೆ ಏನೂ ತಿದ್ದುಪಡಿ ಆಗಿರಲಿಲ್ಲ. ನೋಟಿಸ್ ಕಾಣುವ ಪುಟವೂ ಖಾಲಿ.

ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸಿಬಿಐಸಿಯ ಜಾಲತಾಣದಲ್ಲಿ ಡಿನ್ ಪರೀಕ್ಷಿಸುವ ಪುಟವಿದೆ. 2019ರ ನವೆಂಬರಿನಿಂದ ಕೇಂದ್ರ ಜಿಎಸ್‌ಟಿ ಅಧಿಕಾರಿಗಳ ಪತ್ರಗಳಿಗೆ ಆ ನಂಬರ್ ಕೊಡುವ ಪದ್ಧತಿ ಬಂದಿದೆ. ರಾಜ್ಯದ ಅಧಿಕಾರಿಗಳ ಪತ್ರವಾದರೆ ಆರ್‌ಎಫ್‌ಎನ್ ಎಂಬ ಉಲ್ಲೇಖ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲೇ, ಲಾಗಿನ್ ಆಗದೆಯೂ ನೋಡಬಹುದು. ಅಪ್ಪನನ್ನೇ ಕೂರಿಸಿ ಆ ಸಮನ್ಸಿನ ಡಿನ್ ಅನ್ನು ಒಂದೊಂದೇ ಅಕ್ಷರ ಟೈಪ್ ಮಾಡಿಸಿದೆ. ಅಂಥ ದಾಖಲೆಯೇ ಇಲ್ಲ ಎಂದು ಬಂತು. ಎರಡು ನಿಮಿಷದ ಕೆಲಸ. ನಕಲಿ ಸಮನ್ಸ್ ಬಗ್ಗೆ ಸಿಬಿಐಸಿ ಆ ವರ್ಷ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಅದನ್ನು ನಾನು ಓದಿದ್ದೆ. ಅಪ್ಪನಿಗೆ ಹೇಳಿರಲಿಲ್ಲ. ಇದು ನನ್ನನ್ನು ಈಗಲೂ ಕೊರೆಯುತ್ತದೆ.

“ಆದ್ರೆ ನಮ್ಮ ಜಿಎಸ್‌ಟಿ ನಂಬರ್ ಅವ್ನಿಗೆ ಹೆಂಗೆ ಗೊತ್ತಾಯ್ತು? 29ರಿಂದ ಹಿಡಿದು ಹದಿನೈದು ಅಕ್ಷರವೂ ನೋಟಿಸ್‌ನಲ್ಲಿ ಸರಿಯಾಗಿತ್ತಲ್ಲ. ಅದನ್ನ ನೋಡೇ ನಾನು ನಂಬಿದ್ದು” ಅಂದರು ಅಪ್ಪ.

ನಾನು ಅವರನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ತಲೆ ಎತ್ತಿ ತೋರಿಸಿದೆ. ಬೋರ್ಡಿನಲ್ಲಿ ಅಂಗಡಿ ಹೆಸರಿನ ಕೆಳಗೆ ಅದೇ ನಂಬರ್ ಹಳದಿ ಬಣ್ಣದಲ್ಲಿ ಬರೆದಿತ್ತು. ನಾವು ಕೊಡುವ ಪ್ರತಿ ಬಿಲ್ಲಿನ ತಲೆಯ ಮೇಲೂ ಅದಿದೆ. ಆ ನಂಬರ್ ಹಾಕಿ ಪೋರ್ಟಲಿನಲ್ಲಿ ಹುಡುಕಿದರೆ ಅಂಗಡಿಯ ಹೆಸರು, ನೋಂದಣಿಯಾದ ದಿನ ಯಾರಿಗಾದರೂ ಸಿಗುತ್ತದೆ.

ಅಪ್ಪ ಬಹಳ ಹೊತ್ತು ಬೋರ್ಡನ್ನೇ ನೋಡಿದರು. “ಅಳಿಸಿಬಿಡೋಣ್ವಾ?”

“ಅಳಿಸೋ ಹಾಗಿಲ್ಲಪ್ಪ. ಹಾಕಲೇಬೇಕು ಅಂತ ಕಾನೂನಿದೆ.”

ಅವರು ಮತ್ತೇನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಪ್ಲೈವುಡ್ ಅಂಗಡಿ ಕಡೆ ನಡೆದರು. ಆ ಬೋರ್ಡಿನ ಮೇಲೂ 29ರಿಂದ ಶುರುವಾಗುವ ನಂಬರ್ ಇತ್ತು.