ಕಸ್ತೂರಿಯ ಬಲಗಾಲು: ಒಂಬತ್ತು ತಿಂಗಳ ಲೆಕ್ಕ

ಸೆಪ್ಟೆಂಬರ್, ಎರಡನೇ ವಾರ

ನನ್ನ ಕುದುರೆ ಕಸ್ತೂರಿ ಎರಡು ತಿಂಗಳಿಂದ ಕುಂಟುತ್ತಿದ್ದುದಕ್ಕೆ ಕೊನೆಗೂ ಕಾರಣ ಸಿಕ್ಕಿತು. ಅವಳ ಬಲ ಹಿಂಗಾಲಿನ ಮಂಡಿಯಲ್ಲಿ, ತೊಡೆಮೂಳೆಯ ತುದಿಯಲ್ಲಿ ಒಂದು ಪೊಳ್ಳು ಇದೆ. ಎಕ್ಸ್‌ರೇಯಲ್ಲಿ ಬೆಳ್ಳಗಿನ ಮೂಳೆಯ ನಡುವೆ ಗೋಲಿಯಷ್ಟು ದೊಡ್ಡ ಕಪ್ಪು ಗುಂಡು. ಡಾಕ್ಟರು ಇದನ್ನು ಸಬ್‌ಕಾಂಡ್ರಲ್ ಬೋನ್ ಸಿಸ್ಟ್ ಅಂದರು. ಕಾರ್ಟಿಲೇಜ್ ಅನ್ನೋ ನುಣುಪಾದ ಹೊದಿಕೆಯ ಅಡಿಯಲ್ಲೇ ಮೂಳೆ ಕರಗಿ ಗುಳಿಯಾಗಿದೆ. ಅವಳು ಕಾಲೂರಿದಾಗೆಲ್ಲ ಭಾರ ಆ ಗುಳಿಯ ಮೇಲೇ ಬೀಳುತ್ತಿದೆ.

ಕುದುರೆ ಸಾಕದವರಿಗೆ ಒಂದು ಮಾತು. ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವುದು ಮಂಡಿ ಅಲ್ಲ, ಅದು ನಮ್ಮ ಹಿಮ್ಮಡಿ ಇದ್ದ ಹಾಗೆ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿರುತ್ತದೆ. ಅದಕ್ಕೇ ಎರಡು ತಿಂಗಳು ನಾನು ಗೊರಸಿನಲ್ಲಿ ಮುಳ್ಳು ಹುಡುಕಿದ್ದು. ಇವತ್ತು ಆ ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆ ಬಿಟ್ಟು ಓಡಿಸಿದರು. ಕುಂಟು ಹೆಚ್ಚುಕಮ್ಮಿ ಮಾಯ! ನೋವು ಎಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಸ್ತೂರಿಗೆ ಐದು ವರ್ಷ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್. ನಾವಿರುವುದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ. ನಮ್ಮಪ್ಪ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದವರು. ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. "ಎಕ್ಸ್‌ರೇ ಇರ್ಲಿ ಕಣಮ್ಮ, ಕುದುರೆ ಮಣ್ಣಿನ ಮೇಲೆ ಏನು ಬರೀತದೆ ನೋಡು" ಅಂದರು.

ಸೆಪ್ಟೆಂಬರ್, ಕೊನೆಯ ವಾರ

ಅಪ್ಪನ ಮಾತಿನಿಂದಲೇ ಈ ಲೆಕ್ಕ ಶುರುವಾಯಿತು. ಬೆಳಿಗ್ಗೆ ಮರಳಿನ ಅಂಗಳವನ್ನು ಕುಂಟೆಯಿಂದ ಸಮ ಮಾಡಿ, ಕಸ್ತೂರಿಯನ್ನು ನೇರವಾಗಿ ಇಪ್ಪತ್ತು ಹೆಜ್ಜೆ ನಡೆಸಿದೆ. ಹಿಂದಿರುಗಿ ನೋಡಿದರೆ ಎಡಗಾಲಿನ ಗುರುತು ಒತ್ತಿದ ಮುದ್ರೆಯ ಹಾಗೆ ಚೊಕ್ಕವಾಗಿದೆ. ಬಲಗಾಲಿನದ್ದಕ್ಕೆ ಹಿಂದೆ ಒಂದು ಬಾಲ! ಮಂಡಿ ಪೂರ್ತಿ ಮಡಚದೆ ಗೊರಸಿನ ತುದಿ ಮರಳನ್ನು ಗೀರಿಕೊಂಡು ಹೋಗಿದೆ. ಟೇಪ್ ಹಿಡಿದು ಅಳೆದೆ. ಸರಾಸರಿ 14 ಸೆಂಟಿಮೀಟರ್. ಎಡಗಾಲಿನದು 2 ಇರಬಹುದು. ಡಾಕ್ಟರು ಕುಂಟಿಗೆ ಕೊಟ್ಟ ಅಂಕ ಹತ್ತಕ್ಕೆ 4 (ಸೊನ್ನೆ ಅಂದರೆ ಕುಂಟೇ ಇಲ್ಲ). ನನಗೆ ಈ ಬಾಲವೇ ಜಾಸ್ತಿ ಅರ್ಥವಾಗುತ್ತದೆ.

ಏನು ಮಾಡುವುದು ಅಂತ ಎರಡು ಸಲ ಕೂತು ಮಾತಾಡಿದೆವು. ಸುಮ್ನೆ ವಿಶ್ರಾಂತಿ ಕೊಡಬಹುದು. ಗುಳಿಯ ಒಳಪದರಕ್ಕೆ ಸ್ಟೀರಾಯ್ಡ್ ಚುಚ್ಚಬಹುದು. ಗುಳಿಗೆ ಅಡ್ಡಲಾಗಿ ಸ್ಕ್ರೂ ಹಾಕುವ ವಿಧಾನವೂ ಇದೆ, ಅದರಲ್ಲಿ ಒಳ್ಳೆ ಫಲ ಬಂದಿದೆ. ಇಲ್ಲವೇ ಗುಳಿಯನ್ನು ಕೆರೆದು, ಅವಳದೇ ಮೂಳೆಯ ಮಜ್ಜೆಯಿಂದ ತೆಗೆದು ಬೆಳೆಸಿದ ಸ್ಟೆಮ್ ಸೆಲ್ (ಗಾಯ ಮಾಯಲು ನೆರವಾಗುವ ಮೂಲ ಕೋಶ) ತುಂಬುವುದು. ಕಸ್ತೂರಿಯ ಕಾರ್ಟಿಲೇಜಿನ ಅಂಚೂ ಹರಿದಿದೆ, ಹಾಗಾಗಿ ಡಾಕ್ಟರು ಕೊನೆಯದರ ಕಡೆ ವಾಲಿದರು. ಮೂರು ವರ್ಷ ದಾಟಿದ ಕುದುರೆಗಳಲ್ಲಿ ಈ ಪೊಳ್ಳು ಗುಣವಾಗುವ ಸಾಧ್ಯತೆ ಕಡಿಮೆ ಅಂತಲೂ ನೇರವಾಗಿ ಹೇಳಿದರು. ಮುಚ್ಚಿಡದೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು.

ಅಕ್ಟೋಬರ್, ಮೂರನೇ ವಾರ

ಮಜ್ಜೆ ತೆಗೆದ ದಿನ. ಇದನ್ನು ಬಿಡಿಸಿಯೇ ಬರೆಯಬೇಕು.

ಮಂಪರು ಇಂಜೆಕ್ಷನ್ ಬಿದ್ದ ಮೇಲೆ ಕಸ್ತೂರಿ ನಿಂತಲ್ಲೇ ತೂಗಾಡತೊಡಗಿದಳು. ತಲೆ ಮಂಡಿಯವರೆಗೆ ಜೋತುಬಿತ್ತು, ಕೆಳತುಟಿ ಸಡಿಲವಾಯಿತು. ನಾನು ಅವಳ ಗಲ್ಲಕ್ಕೆ ಭುಜ ಕೊಟ್ಟು ನಿಂತೆ. ಡಾಕ್ಟರು ಮುಂಗಾಲುಗಳ ನಡುವೆ ಎದೆಯ ಕೂದಲು ಬೋಳಿಸಿ, ಮೂರು ಸಲ ತೊಳೆದು, ಅಲ್ಟ್ರಾಸೌಂಡಿನಲ್ಲಿ ಎದೆಮೂಳೆಯ ತುಂಡುಗಳನ್ನು ಎಣಿಸಿದರು. ಯಾವ ತುಂಡು ಅನ್ನುವುದು ಮುಖ್ಯ, ಯಾಕೆಂದರೆ ಮೂಳೆಯ ಆ ಕಡೆ ಹೃದಯ ಇದೆ. ಆಮೇಲೆ 500 ಕೆಜಿ ಕುದುರೆಯ ಹೊಟ್ಟೆಯಡಿ ಕುಕ್ಕರಗಾಲಲ್ಲಿ ಕೂತು ದಪ್ಪ ಸೂಜಿಯನ್ನು ಮೇಲಕ್ಕೆ ತಿರುಗಿಸುತ್ತಾ ಹೋದರು. ಕರಕರ ಅನ್ನುವುದು ನನಗೂ ಕೇಳಿಸಿತು. ಆಮೇಲೆ ಸೂಜಿ ಒಮ್ಮೆಲೇ ಸಲೀಸಾಗಿ ಒಳಗೆ ಹೋಯಿತು.

ಸಿರಿಂಜಿಗೆ ಬಂದಿದ್ದು ರಕ್ತದ ಹಾಗೇ ಇತ್ತು, ಆದರೆ ಇನ್ನೂ ಕಡುಗೆಂಪು. ಬೆಳಕಿಗೆ ಹಿಡಿದಾಗ ಸಾರಿನ ಮೇಲೆ ತೇಲುವ ಎಣ್ಣೆಯ ಹಾಗೆ ಸಣ್ಣ ಸಣ್ಣ ಕೊಬ್ಬಿನ ಹನಿ. ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಮೊದಲೇ ಹಾಕಿಟ್ಟಿದ್ದರು. ಮೊದಲ 5 ಮಿಲಿಲೀಟರಿನಲ್ಲೇ ಕೋಶಗಳು ಹೆಚ್ಚು, ಎಳೆಯುತ್ತಾ ಹೋದಂತೆ ಬರೀ ರಕ್ತ ಬೆರೆಯುತ್ತದಂತೆ. ಅದಕ್ಕೇ ಸ್ವಲ್ಪ ಎಳೆದು, ಸೂಜಿಯ ಜಾಗ ಬದಲಿಸಿ, ಮತ್ತೆ ಸ್ವಲ್ಪ ಎಳೆದರು.

ಅಷ್ಟರಲ್ಲಿ ಬೇಕಾದ ಕೋಶ ಎಷ್ಟಿರುತ್ತೆ ಗೊತ್ತಾ? ಮಜ್ಜೆಯ ಹತ್ತು ಸಾವಿರದಿಂದ ಲಕ್ಷ ಕೋಶಕ್ಕೆ ಒಂದು. ರಾಶಿಯಿಂದ ಅವನ್ನು ಆರಿಸುವ ಉಪಾಯ ಮಾತ್ರ ಸರಳ. ಪ್ಲಾಸ್ಟಿಕ್ ತಟ್ಟೆಗೆ ಹಾಕಿದರೆ ಇವು ತಳಕ್ಕೆ ಅಂಟಿಕೊಳ್ಳುತ್ತವೆ, ಉಳಿದದ್ದನ್ನು ತೊಳೆದುಬಿಡಬಹುದು. ಅಂಟಿದವು ಲ್ಯಾಬಿನಲ್ಲಿ ಎರಡು ಮೂರು ವಾರ ಬೆಳೆದು ಕೋಟಿಗಳಾಗಬೇಕು. ನಮ್ಮ ಜಿಲ್ಲೆಯಲ್ಲೇ ಇರುವ ರಾಯಲ್ ವೆಟರ್ನರಿ ಕಾಲೇಜಿನ ರೋಜರ್ ಸ್ಮಿತ್ ಮತ್ತು ಜೊತೆಯವರು ಹೀಗೆ ಬೆಳೆಸಿದ ಕೋಶಗಳನ್ನು ಕುದುರೆಯ ಹರಿದ ಸ್ನಾಯುರಜ್ಜುವಿಗೆ ಕೊಟ್ಟ ವರದಿ ಪ್ರಕಟವಾಗಿದ್ದು 2003ರಲ್ಲಿ. ಮೂಳೆ, ಕೀಲುಗಳಿಗೆ ಈ ದಾರಿ ಹಿಡಿದವರೆಲ್ಲ ಆ ಕೆಲಸಕ್ಕೆ ಋಣಿಗಳೇ.

ನವೆಂಬರ್, ಎರಡನೇ ವಾರ

ಆಪರೇಷನ್ ಆಯಿತು. ಕುದುರೆಗೆ ಪೂರ್ತಿ ಅರಿವಳಿಕೆ ಕೊಡುವುದು ಸಣ್ಣ ವಿಷಯವಲ್ಲ, ನೂರಕ್ಕೆ ಒಂದರ ಆಸುಪಾಸಿನಲ್ಲಿ ಜೀವವೇ ಹೋಗುತ್ತದೆ. ಏಳುವಾಗ ಗಾಬರಿಯಾಗಿ ಕಾಲು ಮುರಿದುಕೊಳ್ಳುವುದೂ ಉಂಟು. ಹೊರಗೆ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆ. ಎದ್ದು ನಿಂತಳು ಅಂತ ಹೇಳಿದಾಗ ಅಳು ತಡೆಯಲಿಲ್ಲ.

ಒಳಗೆ ಮಾಡಿದ್ದು ಇಷ್ಟು. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಗುಳಿಯ ಒಳಪದರ ಕೆರೆದು, ಅಡಿಗೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು ತುಂಬಿ, ಮೇಲೆ ಫೈಬ್ರಿನ್ ಅಂಟಿನಲ್ಲಿ ಬೆರೆಸಿದ ಕೋಶ ಹಾಕಿದರು. ಇನ್ನೊಂದು ಪಾಲು ಕೋಶ ದ್ರವ ಸಾರಜನಕದಲ್ಲಿ ಹೆಪ್ಪಾಗಿ ಕೂತಿದೆ, ಆರು ವಾರದ ನಂತರ ಕೀಲಿಗೆ ಕೊಡಲು.

ಡಿಸೆಂಬರ್

ಬರೆಯುವಂಥದ್ದು ಏನಿಲ್ಲ. ಮೊದಲ ಎರಡು ವಾರ ಲಾಯದೊಳಗೇ. ಈಗ ದಿನಕ್ಕೆ ಎರಡು ಸಲ ಐದು ನಿಮಿಷ ಹಗ್ಗ ಹಿಡಿದು ನಡಿಗೆ, ವಾರಕ್ಕೆ ಐದೈದು ನಿಮಿಷ ಹೆಚ್ಚು. ಸಂಜೆ ನಾಲ್ಕಕ್ಕೇ ಕತ್ತಲೆ. ತಲೆಗೆ ಟಾರ್ಚ್ ಕಟ್ಟಿಕೊಂಡು ನಡೆಸುತ್ತೇನೆ.

ಜನವರಿ, ಮೊದಲ ವಾರ

ಎರಡನೇ ಸಲ ಕೋಶ ಕೊಟ್ಟ ಮಾರನೇ ದಿನ ಮಂಡಿ ಊದಿಕೊಂಡಿತು. ಮುಟ್ಟಿದರೆ ಬಿಸಿ. ಮೂರು ಕಾಲಲ್ಲಿ ನಿಂತಿದ್ದಳು, ಹುಲ್ಲು ಮುಟ್ಟಿರಲಿಲ್ಲ. ಕೀಲಿಗೆ ಸೋಂಕು ತಗುಲಿದ್ದರೆ ಎಲ್ಲ ಮುಗಿದ ಹಾಗೇ. ಡಾಕ್ಟರು ರಾತ್ರಿಯೇ ಬಂದು ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಸೋಂಕಿರಲಿಲ್ಲ, ಬರೀ ಉರಿಯೂತ. ನೋವಿನ ಔಷಧಿ, ತಣ್ಣನೆ ಪಟ್ಟಿಯಲ್ಲಿ ನಾಲ್ಕನೇ ದಿನಕ್ಕೆ ಇಳಿಯಿತು. ಐದನೇ ದಿನ ನನ್ನ ಜೇಬಿಗೆ ಮೂತಿ ಹಾಕಿ ಕ್ಯಾರೆಟ್ ಎಳೆದುಕೊಂಡಳು.

ಹೀಗಾಗಬಹುದು ಅಂತ ಓದಿದ್ದೆ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಂಡಿ ಪೆಟ್ಟಿನ 33 ಕುದುರೆಗಳಿಗೆ ಮಜ್ಜೆಯ ಕೋಶ ಕೊಟ್ಟಿದ್ದರು. ಮೂರಕ್ಕೆ ಹೀಗೇ ಊದಿತ್ತು. ಮುಕ್ಕಾಲು ಪಾಲು ಕುದುರೆಗಳು ಒಂದಲ್ಲ ಒಂದು ಮಟ್ಟದ ಕೆಲಸಕ್ಕೆ ಮರಳಿದವು. ಆದರೆ ಕೋಶ ಕೊಡದೆ ಹೋಲಿಸಿ ನೋಡುವ ಇನ್ನೊಂದು ಗುಂಪು ಅದರಲ್ಲಿರಲಿಲ್ಲ. ಆ ಮುಕ್ಕಾಲರಲ್ಲಿ ಕೋಶದ ಪಾಲೆಷ್ಟು, ಆಪರೇಷನ್ನಿನದೆಷ್ಟು, ವಿಶ್ರಾಂತಿಯದೆಷ್ಟು ಅಂತ ಬಿಡಿಸಲು ಆಗುವುದಿಲ್ಲ, ಅಲ್ವಾ? ನನ್ನ ಈ ಲೆಕ್ಕಕ್ಕೂ ಅದೇ ಮಿತಿ ಇದೆ. ಇರುವುದು ಒಂದೇ ಕಸ್ತೂರಿ.

ಫೆಬ್ರವರಿ, ಕೊನೆಯ ವಾರ

ಮರಳಿನ ಗೀರು 9 ಸೆಂಟಿಮೀಟರ್. ದಿನಕ್ಕೆ ಎರಡು ಸಲ ನಲವತ್ತು ನಿಮಿಷ ನಡಿಗೆ.

ಊರಿಂದ ಸ್ನೇಹಿತೆಯೊಬ್ಬಳು ಕೇಳಿದಳು, "ಹಾಕಿದ ಕೋಶವೆಲ್ಲ ಮೂಳೆ ಆಯ್ತೇನೇ?" ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ, ಗಾರೆ ಮೆತ್ತಿ ತೂತು ಮುಚ್ಚಿದ ಹಾಗೆ ಅಂತ. ಹಾಗಲ್ಲ. ಕೀಲಿಗೆ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ವಾರದಲ್ಲಿ ಸಾಯುತ್ತವೆ. ಬದುಕಿರುವಷ್ಟು ದಿನ ಉರಿಯೂತ ತಗ್ಗಿಸುವ, ಅಲ್ಲಿನ ಕೋಶಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ರಾಸಾಯನಿಕಗಳನ್ನು ಸುರಿಸುತ್ತವೆ. ಇವಕ್ಕೆ 1991ರಲ್ಲಿ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಅಂತ ಹೆಸರಿಟ್ಟ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಿಸಿ ಅಂತ ಬರೆದರು. ಔಷಧಿಯ ಸಂಕೇತ ಕೊಡುವ ಕೋಶ ಅನ್ನುವ ಅರ್ಥದ ಹೊಸ ಹೆಸರನ್ನೂ ಸೂಚಿಸಿದರು. ತಾನೇ ಇಟ್ಟ ಹೆಸರು ತಪ್ಪು ಅಂತ ಹೇಳಲು ದೊಡ್ಡ ಮನಸ್ಸು ಬೇಕು.

ಮೂಳೆ ಕಟ್ಟಬೇಕಾದವಳು ಕಸ್ತೂರಿಯೇ. ಅದಕ್ಕೆ ಭಾರ ಬೇಕು, ಆದರೆ ಹದವಾಗಿ. ಭಾರ ಬೀಳದ ಮೂಳೆ ಸೊರಗುತ್ತದೆ, ಹೆಚ್ಚು ಬಿದ್ದರೆ ಮತ್ತೆ ಕುಸಿಯುತ್ತದೆ. ಹಾಗಾಗಿ ಮಳೆಯಿರಲಿ ಹಿಮವಿರಲಿ ಮಂಡಿ ಊದಿದ್ದ ದಿನಗಳ ಹೊರತು ಈ ನಡಿಗೆಯನ್ನು ನಾನು ಒಂದು ದಿನವೂ ಬಿಟ್ಟಿಲ್ಲ.

ಏಪ್ರಿಲ್

ಗೀರು 6. ಮೂರು ದಿನ ಚೆನ್ನಾಗಿ ನಡೆದಳು, ಖುಷಿಯಲ್ಲಿ ಟ್ರಾಟ್ ಅನ್ನೋ ಹಗುರ ಓಟ ಒಂದು ನಿಮಿಷ ಜಾಸ್ತಿ ಮಾಡಿಸಿದೆ. ಮಾರನೇ ದಿನ ಗೀರು 8. ಒಂದು ವಾರ ಹಿಂದಕ್ಕೆ ಹೋಗಿ ಮತ್ತೆ ಬರೀ ನಡಿಗೆ.

ಜೂನ್, ಮೊದಲ ವಾರ

ಆರು ತಿಂಗಳ ಎಕ್ಸ್‌ರೇ ಬಂತು. ಪೊಳ್ಳು ಹೋಗಿಲ್ಲ. ಅಂಚು ಮಾತ್ರ ಬೆಳ್ಳಗೆ ಗಟ್ಟಿಯಾಗಿದೆ, ತಳದಲ್ಲಿ ತುಂಬಿಕೊಂಡ ಹಾಗೆ ಕಾಣುತ್ತದೆ. ಚಿತ್ರದಲ್ಲಿ ಪೊಳ್ಳು ಹಾಗೇ ಇದ್ದೂ ಕುಂಟದ ಕುದುರೆಗಳಿವೆ, ಚಿತ್ರವನ್ನೇ ನಂಬಬೇಡಿ ಅಂದರು ಡಾಕ್ಟರು. ಕುಂಟಿನ ಅಂಕ ಹತ್ತಕ್ಕೆ 1. ಗೀರು 4.

ಕಾಂಕ್ರೀಟಿನ ಮೇಲೆ ಟ್ರಾಟ್ ಮಾಡಿಸಿ, ಸದ್ದನ್ನಷ್ಟೇ ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ನನ್ನ ಕಿವಿಗೆ ಟಕ್-ಟಕ್ ಅಂತ ಎರಡೂ ಸಮ. ಅಪ್ಪ ಒಂದು ಸಲ ಕೇಳಿದರು, ಮತ್ತೆ ಹಾಕಿಕೊಂಡು ಕೇಳಿದರು.

"ಒಂದು ಏಟು ಒಂಚೂರು ಹಗುರ ಬೀಳ್ತದೆ ಕಣಮ್ಮ. ಇನ್ನೂ ಹತ್ತಬೇಡ."

ಜೀನು ಮತ್ತೆ ಗೂಟಕ್ಕೆ ಹೋಯಿತು. ಬುಧವಾರ ಲಾಳ ಹೊಡೆಯುವವರು ಬರುತ್ತಾರೆ. ಹಳೇ ಬಲ ಲಾಳವನ್ನು ಎತ್ತಿಟ್ಟುಕೊಂಡು ತುದಿಯ ಸವೆತ ಅಳೆಯಬೇಕು. ಹೋದ ಸಲದ್ದು 3 ಮಿಲಿಮೀಟರ್ ಇತ್ತು.