ಉಸಿರು ಪೂರ್ತಿ ಸಿಗುತ್ತಿಲ್ಲ ಅನ್ನಿಸಿದಾಗ

"ಉಸಿರಾಡ್ತಿದ್ದೀನಿ, ಆದ್ರೆ ತೃಪ್ತಿ ಆಗ್ತಿಲ್ಲ." ಹೀಗನ್ನುವವರು ಸಾಮಾನ್ಯವಾಗಿ ಏದುಸಿರು ಬಿಡುತ್ತಿರುವುದಿಲ್ಲ, ಸುಮ್ಮನೆ ಕುರ್ಚಿಯಲ್ಲಿ ಕೂತಿರುತ್ತಾರೆ. ಐದಾರು ಸಲ ಎಳೆದರೆ ಒಂದು ಉಸಿರು ಮಾತ್ರ ತಳ ಮುಟ್ಟುತ್ತದೆ, ಉಳಿದವು ಎದೆಯ ನಡುವೆಯೇ ನಿಂತುಬಿಡುತ್ತವೆ. ತಳ ಮುಟ್ಟಿಸಲೆಂದು ಭುಜ ಎತ್ತುತ್ತಾರೆ, ಬಾಯಿ ತೆರೆದು ಆಕಳಿಸುತ್ತಾರೆ, ಎದ್ದು ಹೋಗಿ ಕಿಟಕಿ ತೆರೆಯುತ್ತಾರೆ. ಕಿಟಕಿಯಾಚೆ ಔಟರ್ ರಿಂಗ್ ರೋಡ್ ಇದ್ದರೆ ತೆರೆದೂ ಏನು ಬಂತು ಅನ್ನುವುದು ಬೇರೆ ಮಾತು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇನ್ನೂ ಎಷ್ಟೋ ಮನೆಗಳ ಡ್ರಾಯರಿನಲ್ಲಿದೆ. ಬೆರಳಿಗೆ ಸಿಕ್ಕಿಸಿದರೆ 98 ತೋರಿಸುತ್ತದೆ. ಆಗ ಗಾಬರಿ ಇಳಿಯುವ ಬದಲು ಗೊಂದಲ ಹೆಚ್ಚುತ್ತದೆ: ಆಮ್ಲಜನಕ ಸರಿಯಿದ್ದ ಮೇಲೆ ಉಸಿರು ಸಾಲದು ಅನ್ನಿಸುವುದೇಕೆ? "ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು" ಅನ್ನುವ ಸಮಾಧಾನವೂ ಕೆಲಸಕ್ಕೆ ಬಾರದು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ, ನಿಜ. ಆರೋಗ್ಯವಂತ ದೇಹಕ್ಕೆ ಅದು ಲೆಕ್ಕಕ್ಕಿಲ್ಲ.

ಉಸಿರಿನ ವೇಗವನ್ನು ನಿರ್ಧರಿಸುವ ಮೆದುಳಿನ ಭಾಗ ಮುಖ್ಯವಾಗಿ ಗಮನಿಸುವುದು ಆಮ್ಲಜನಕವನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ರಕ್ತದಲ್ಲಿ ಅದರ ಒತ್ತಡ 35ರಿಂದ 45 ಮಿ.ಮೀ. ಪಾದರಸದಷ್ಟಿರಬೇಕು. ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಆಡಿಸಿದರೆ ಇದು ಇಳಿಯುತ್ತದೆ. ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರವಾಗುತ್ತದೆ. ರಕ್ತ ತುಸು ಕ್ಷಾರವಾಗಿ ಮುಕ್ತ ಕ್ಯಾಲ್ಸಿಯಂ ಕಡಿಮೆಯಾಗುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಆಕ್ಸಿಮೀಟರ್ ಇದ್ಯಾವುದನ್ನೂ ತೋರಿಸುವುದಿಲ್ಲ. ಆಗಲೂ ಅದರಲ್ಲಿ 99 ಇರುತ್ತದೆ. ನಿಮಿಷಕ್ಕೊಂದೆರಡು ದೊಡ್ಡ ನಿಟ್ಟುಸಿರು ದಿನವಿಡೀ ಬಿಡುತ್ತಿದ್ದರೂ ಸಾಕು, ಮಟ್ಟ ಕೆಳಗೇ ಉಳಿಯುತ್ತದೆ. ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಆಮೇಲೆ ಸಹಜ ಮಟ್ಟಕ್ಕೆ ಏರಿದರೂ ಮೆದುಳಿಗೆ ಅದು ಉಸಿರುಗಟ್ಟಿದ ಹಾಗೆ ಕಾಣುತ್ತದೆ.

ಎಲ್ಲರಲ್ಲೂ ಡೈಆಕ್ಸೈಡ್ ಇಳಿದಿರುವುದಿಲ್ಲ. ಇನ್ನೊಂದು ಕಾರಣ ತೀರಾ ಯಾಂತ್ರಿಕವಾದದ್ದು, ನನ್ನ ಪ್ರಕಾರ ಜನ ಗಮನಿಸದೇ ಬಿಡುವುದೂ ಅದನ್ನೇ. ವಿಶ್ರಾಂತಿಯಲ್ಲಿ ಒಂದು ಉಸಿರಿಗೆ ಬೇಕಾಗುವುದು ಸುಮಾರು 500 ಮಿ.ಲೀ. ಗಾಳಿ. ಅದನ್ನು ಪೂರ್ತಿ ಬಿಡದೆ, ಒಂದಿಷ್ಟು ಒಳಗೇ ಉಳಿಸಿಕೊಂಡು ಮತ್ತೆ ಎಳೆಯುತ್ತಾ ಹೋದರೆ ಎದೆಗೂಡು ಮೊದಲೇ ಉಬ್ಬಿರುತ್ತದೆ, ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರು ಎಳೆಯುವ ಸ್ನಾಯು) ಕೆಳಗಿಳಿದು ಚಪ್ಪಟೆಯಾಗಿರುತ್ತದೆ. ಮುಕ್ಕಾಲು ತುಂಬಿದ ಬಿಂದಿಗೆಯನ್ನೇ ನಲ್ಲಿಯ ಕೆಳಗಿಟ್ಟು ಇನ್ನೊಂದು ಬಿಂದಿಗೆ ನೀರು ಬೇಕು ಅಂದ ಹಾಗೆ. ಎಳೆಯಲು ಜಾಗವೇ ಇರುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಗೂನಾಗಿ ಕೂರುವುದು, ಹೊಟ್ಟೆ ಒಳಗೆಳೆದುಕೊಂಡೇ ಇರುವುದು, ಬೆಲ್ಟನ್ನೋ ಲಂಗದ ಲಾಡಿಯನ್ನೋ ಬಿಗಿಯಾಗಿ ಕಟ್ಟುವುದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಹ್ಯಾಂಡಲ್ ಬಿಗಿಹಿಡಿದು ಭುಜ ಕಿವಿಗೆ ತಾಗಿಸಿಕೊಂಡಿರುವುದು, ಎಲ್ಲವೂ ಇದಕ್ಕೆ ನೀರೆರೆಯುತ್ತವೆ. ಹೊಟ್ಟೆ ಬಿರಿಯೆ ಬಿಸಿಬೇಳೆಬಾತ್ ತಿಂದು, ಮೇಲೊಂದು ಕಾಫಿ ಕುಡಿದು ಹಾಗೇ ಒರಗಿದರೆ ಹೊಟ್ಟೆಯುಬ್ಬರ ವಪೆಯನ್ನು ಕೆಳಗಿನಿಂದ ಒತ್ತುತ್ತದೆ. ತೇಗು ಬಂದ ಮೇಲೆ ಉಸಿರು ಸರಾಗವಾಯಿತು ಅನ್ನುವವರು ಮೊದಲು ಹುಳಿತೇಗಿಗೆ, ಎದೆಯುರಿಗೆ ಮದ್ದು ನೋಡಲಿ.

ಇಷ್ಟೆಲ್ಲ ಓದಿ "ನಂದು ಇದೇ" ಎಂದು ತೀರ್ಮಾನಿಸಬೇಡಿ. ಮಾತಿನಲ್ಲಿ ಮುಳುಗಿದಾಗ, ನಗುವಾಗ, ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮರೆತುಹೋಗಿ, ಕೂತಾಗ ಮತ್ತೆ ನೆನಪಾಗುವ ತೊಂದರೆ ಬಹುತೇಕ ಈ ಬಗೆಯದು. ಮೆಟ್ಟಿಲು ಹತ್ತುವಾಗಲೇ ಹೆಚ್ಚಾಗುವುದು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಕಾಲು ಊದಿಕೊಳ್ಳುವುದು ಹೃದಯದ ಕಡೆ ಬೆರಳು ತೋರಿಸುತ್ತವೆ. ನಸುಕಿನ ಜಾವ ಕೆಮ್ಮು, ಸುಯ್‌ಗುಟ್ಟುವ ಸದ್ದು, ದೂಳು ಅಥವಾ ಕಾಂಗ್ರೆಸ್ ಗಿಡದ ಹತ್ತಿರ ಹೋದರೆ ಉಲ್ಬಣಿಸುವುದು ಉಬ್ಬಸದ ಲಕ್ಷಣ. ಎದೆನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿದರೆ, ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲಾಗದಿದ್ದರೆ, ಕೆಮ್ಮಿದಾಗ ರಕ್ತ ಬಂದರೆ, ಒಂದೇ ಕಾಲು ಊದಿ ದಿಢೀರನೆ ಉಸಿರು ಹತ್ತಿದರೆ ಲೇಖನ ಓದುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಅಷ್ಟು ತುರ್ತಿಲ್ಲದಿದ್ದರೆ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ (ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ), ಥೈರಾಯ್ಡ್, ಇಸಿಜಿ, ಎದೆಯ ಎಕ್ಸ್‌ರೇ, ಸ್ಪೈರೊಮೆಟ್ರಿ (ಕೊಳವೆಯಲ್ಲಿ ಜೋರಾಗಿ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ). ಸ್ಪೈರೊಮೆಟ್ರಿಯನ್ನು ಇನ್ಹೇಲರ್‌ಗೆ ಮುಂಚೆ ಒಮ್ಮೆ, 15 ನಿಮಿಷದ ನಂತರ ಒಮ್ಮೆ ಮಾಡುತ್ತಾರೆ. ಉಬ್ಬಸದವರ ಸ್ಪೈರೊಮೆಟ್ರಿಯೂ ಚೆನ್ನಾಗಿರುವ ದಿನ ಸಹಜವಾಗಿಯೇ ಬರಬಹುದು, ಹಾಗಾಗಿ ತೊಂದರೆ ಇರುವ ದಿನವೇ ಹೋಗುವುದು ಒಳ್ಳೆಯದು. ಎಲ್ಲ ಸರಿಯೆಂದು ಬಂದ ಮೇಲೆ ಅದೇ ಪರೀಕ್ಷೆಯನ್ನು ಮೂರನೇ ಆಸ್ಪತ್ರೆಯಲ್ಲಿ ಮಾಡಿಸುವುದು, ದಿನಕ್ಕೆ ಇಪ್ಪತ್ತು ಸಲ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದು ಕಾಯಿಲೆಯನ್ನು ಸಾಕಿದಂತೆ. ಆತಂಕ ಕೈಮೀರುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಭ್ಯಾಸ ಹೀಗೆ: ಅಂಗಾತ ಮಲಗಿ ಮಂಡಿ ಮಡಚಿ, ತಲೆಯಡಿ ತೆಳ್ಳನೆ ದಿಂಬಿಡಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಶುರು ಮಾಡುವುದು ಬಿಡುವುದರಿಂದ. ಮೂಗಿನಲ್ಲಿ ನಿಧಾನಕ್ಕೆ ಬಿಡಿ, ಪಕ್ಕೆಲುಬು ತಾನೇ ಕೆಳಗಿಳಿಯಲಿ, ತುದಿಯಲ್ಲಿ ಒಂದು ಕ್ಷಣ ಸುಮ್ಮನಿರಿ. ಆಮೇಲೆ ಉಸಿರು ತಾನಾಗಿ ಒಳಗೆ ಬರುತ್ತದೆ, ನೀವು ಎಳೆಯಬೇಕಿಲ್ಲ. 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಆರು ಉಸಿರು. ಅಷ್ಟು ಕಷ್ಟವೆನಿಸಿದರೆ 3 ಮತ್ತು 4ರಿಂದ ಆರಂಭಿಸಿ. ಐದು ನಿಮಿಷ, ದಿನಕ್ಕೆರಡು ಸಲ, ಊಟವಾದ ಕೂಡಲೇ ಬೇಡ. ಹೊಟ್ಟೆಯ ಮೇಲಿನ ಕೈ ಏಳುತ್ತಿದೆಯೋ ಇಲ್ಲವೋ ತಿಳಿಯದಿದ್ದರೆ ಅರ್ಧ ಕೆಜಿ ಅಕ್ಕಿಯ ಪೊಟ್ಟಣ ಇಟ್ಟುಕೊಳ್ಳಿ. ಮೂರು ನಾಲ್ಕು ವಾರದ ಮೇಲೆ ಅದನ್ನೇ ಕೂತು ಮಾಡಿ, ಆಮೇಲೆ ನಡೆಯುತ್ತಾ.

ಕೆಡುವುದು ಹೆಚ್ಚಾಗಿ ಒಂದೇ ಕಡೆ. ನಿಧಾನವೆಂದರೆ ದೊಡ್ಡದು ಎಂದುಕೊಂಡು ಎದೆ ತುಂಬ ಎಳೆಯುತ್ತಾರೆ. ಎರಡೇ ನಿಮಿಷಕ್ಕೆ ತಲೆ ಸುತ್ತಿದರೆ ಗಾತ್ರ ಹೆಚ್ಚಾಯಿತೆಂದೇ ಅರ್ಥ. ಪಕ್ಕದಲ್ಲಿ ಕೂತವರಿಗೆ ಕೇಳದಷ್ಟು ಮೆಲ್ಲಗಿರಲಿ. ದೊಡ್ಡ ಉಸಿರಿನ ತವಕ ಬಂದಾಗ ಬಾಯಿ ಮುಚ್ಚಿ ಒಮ್ಮೆ ಉಗುಳು ನುಂಗಿ, ಉಸಿರು ಬಿಟ್ಟು ಮೂರು ಸೆಕೆಂಡು ತಡೆಯಿರಿ, ಮತ್ತೆ ಮೂಗಿನಲ್ಲಿ ಸಣ್ಣದಾಗಿ ತೆಗೆದುಕೊಳ್ಳಿ. ತಡೆಯಲಾಗದೆ ನಿಟ್ಟುಸಿರು ಬಂದರೆ ಬರಲಿ. ಮುಚ್ಚಿಕೊಂಡ ಗಾಳಿಚೀಲಗಳನ್ನು ತೆರೆಯಲು ದೇಹವೇ ಗಂಟೆಗೆ ಹತ್ತು ಹನ್ನೆರಡು ಸಲ ಹಾಗೆ ಮಾಡುತ್ತದೆ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯ ಮಾತ್ರ ಬೇಡ. ನಿಜಕ್ಕೂ ಉಬ್ಬಸವೋ ಹೃದಯಾಘಾತವೋ ಆಗಿದ್ದರೆ ಅದು ಅಪಾಯ.

ಬೆಳಗ್ಗೆ ಪಾರ್ಕಿನ ಯೋಗ ತರಗತಿಗೆ ಹೋಗುವವರು ಈ ತೊಂದರೆ ಇರುವಷ್ಟು ದಿನ ಭಸ್ತ್ರಿಕಾ, ಕಪಾಲಭಾತಿಯ ಹೊತ್ತಿಗೆ ಸುಮ್ಮನೆ ಕೂರಲಿ. ರಭಸದ ಉಸಿರು ಇವರಿಗೆ ಬೇಕಾದ್ದಕ್ಕೆ ತದ್ವಿರುದ್ಧ. ಭ್ರಾಮರಿ ಮಾಡಬಹುದು: ಗುಂಯ್‌ಗುಡುವಷ್ಟು ಹೊತ್ತು ಉಸಿರು ಹೊರಗೆ ಹೋಗುತ್ತಲೇ ಇರುತ್ತದೆ, ಎಣಿಸುವ ಗೋಜೂ ಇರುವುದಿಲ್ಲ.